ಒಂದು ಸಲವೂ ಓಡಿಸಿಲ್ಲವಂತೆ

"ಒಂದು ಸಲವೂ ಓಡಿಸಿಲ್ಲ. ಡಬ್ಬಿಯಿಂದ ಹೊರಗೇ ತೆಗೆದಿಲ್ಲ."

ಈ ವಾರ ವಿಡಿಯೊ ಕಾಲ್‌ನಲ್ಲಿ ಒಬ್ಬ ಡೀಲರ್ ಹೇಳಿದ ಮಾತು ಇದು. ಅವತ್ತಿನಿಂದ ತಲೆಯಿಂದ ಹೋಗುತ್ತಲೇ ಇಲ್ಲ. ಹೇಳುವಾಗ ಅವರ ಮುಖದಲ್ಲಿ ಎಂಥ ಹೆಮ್ಮೆ ಇತ್ತು ಅಂತೀರಿ! ಸುಮಾರು ಐವತ್ತು ವರ್ಷ ಹಳೆಯ ಹಿತ್ತಾಳೆಯ ರೈಲ್ವೆ ಎಂಜಿನ್ ಮಾಡೆಲ್ ಅದು. ಜಪಾನಿನಲ್ಲಿ ಯಾರೋ ಕೂತು, ಒಂದೊಂದೇ ಕೊಳವೆ, ಒಂದೊಂದೇ ಕಂಬಿ ಬೆಸುಗೆ ಹಾಕಿ ಕಟ್ಟಿದ್ದು. ಗೇರುಗಳು ತಿರುಗಲಿ ಅಂತಲೇ ಮಾಡಿದ್ದು. ಅಷ್ಟು ವರ್ಷ ಕತ್ತಲಲ್ಲಿ ಮಲಗಿತ್ತು ಅನ್ನುವುದೇ ಅದರ ದೊಡ್ಡ ಗುಣ ಅನ್ನುವ ಹಾಗೆ ಹೇಳಿದರು.

"ಹಳಿ ಮೇಲೆ ಇಟ್ಟು ಸ್ವಲ್ಪ ಓಡಿಸಿ ತೋರಿಸ್ತೀರಾ?" ಅಂತ ಕೇಳಿದೆ.

"ಓಡಿಸಿದರೆ ಬೆಲೆ ಬಿದ್ದುಹೋಗುತ್ತೆ" ಅಂದರು.

ನಾನು ಹುಡುಕುತ್ತಿದ್ದುದು ಶೇ ಎಂಜಿನ್. ಅಮೆರಿಕದ ಮಿಷಿಗನ್ನಿನಲ್ಲಿ ಮರ ಕಡಿಸುವ ಕಸುಬು ಮಾಡುತ್ತಿದ್ದ ಇಫ್ರೇಮ್ ಶೇ, ಕಾಡಿನಿಂದ ದಿಮ್ಮಿ ಎಳೆದು ತರಲು ರೂಪಿಸಿದ ಎಂಜಿನ್ ಇದು. 1881ರಲ್ಲಿ ಪೇಟೆಂಟ್ ಸಿಕ್ಕಿತು. ಓಹಯೋ ರಾಜ್ಯದ ಲೈಮಾ ಕಾರ್ಖಾನೆ ಇಂಥವನ್ನು 2,700ಕ್ಕೂ ಜಾಸ್ತಿ ಕಟ್ಟಿತು. ಕೊನೆಯದು ಹೊರಬಂದದ್ದು 1945ರಲ್ಲಿ, ವೆಸ್ಟರ್ನ್ ಮೇರಿಲ್ಯಾಂಡ್ ರೈಲ್ವೆಯ 6ನೇ ನಂಬರಿನ ಎಂಜಿನ್. ಮಾಮೂಲಿ ಉಗಿಬಂಡಿಯಲ್ಲಿ ಸಿಲಿಂಡರುಗಳು ಎರಡೂ ಪಕ್ಕ ಮಲಗಿರುತ್ತವೆ. ಶೇ ಎಂಜಿನ್‌ನಲ್ಲಿ ಬಲಗಡೆ ಮಾತ್ರ ಇರುತ್ತವೆ, ಅದೂ ನೆಟ್ಟಗೆ ನಿಂತು. ತೂಕ ಸರಿದೂಗಲಿ ಅಂತ ಬಾಯ್ಲರನ್ನು ಎಡಕ್ಕೆ ಸರಿಸಿರುತ್ತಾರೆ. ಬಲಪಕ್ಕದ ಉದ್ದಕ್ಕೂ ಒಂದು ಶಾಫ್ಟ್. ಅದರಿಂದ ಆ ಪಕ್ಕದ ಒಂದೊಂದು ಗಾಲಿಗೂ ಓರೆ ಹಲ್ಲಿನ ಗೇರ್. ಎಲ್ಲವೂ ಹೊರಗೇ ಕಾಣುತ್ತದೆ. ಮೂರು ಪಿಸ್ಟನ್ ಕಡ್ಡಿಗಳು ಒಂದಾದ ಮೇಲೊಂದು ಏಳುತ್ತ ಇಳಿಯುತ್ತ, ಶಾಫ್ಟ್ ತಿರುಗುತ್ತ, ಇಡೀ ಬಂಡಿ ಆಮೆಗತಿಯಲ್ಲಿ ಮುಂದೆ ಬರುವುದನ್ನು ನೋಡಬೇಕು. ಎಚ್‌ಓ ಅಳತೆಯಲ್ಲಿ, ಅಂದರೆ ಅಸಲಿನ 87ನೇ ಒಂದು ಭಾಗದಲ್ಲಿ, 16.5 ಮಿಲಿಮೀಟರ್ ಅಗಲದ ಹಳಿ ಮೇಲೆ ಅದೇ ಆಟ ನಡೆಯಬೇಕು. ಓಡದಿರುವ ಶೇ ಎಂಜಿನ್ನಿನಲ್ಲಿ ನೋಡುವುದಕ್ಕೆ ಅರ್ಧ ಮಾತ್ರ ಸಿಗುತ್ತದೆ.

ಆ ಡೀಲರ್ ಮೋಸಗಾರರಲ್ಲ. ಬಹಳ ಮರ್ಯಾದೆಯ ಮನುಷ್ಯ. ಡಬ್ಬಿಯ ಲೇಬಲ್ ನೋಡಿಯೇ ತರಿಸಿದವರು ಯಾರು, ಮಾಡಿದವರು ಯಾರು ಅಂತ ಹೇಳಬಲ್ಲವರು. ಬಿಲ್ ರಯಾನ್ ಕಟ್ಟಿದ ಅಮೆರಿಕದ ಪೆಸಿಫಿಕ್ ಫಾಸ್ಟ್ ಮೇಲ್ ಕಂಪನಿಯ ಬಗ್ಗೆ, ಅದು ಜಪಾನಿನಿಂದ ತರಿಸುತ್ತಿದ್ದ ಯುನೈಟೆಡ್ ಮತ್ತು ಟೆನ್ಶೋಡೊ ಹೆಸರಿನ ಮಾಡೆಲ್‌ಗಳ ಬಗ್ಗೆ ಅವರು ಮಾತಾಡುತ್ತಿದ್ದರೆ ಕೇಳುತ್ತಲೇ ಇರಬಹುದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿದ್ದ ಅಮೆರಿಕನ್ ಸೈನಿಕರು ಅಲ್ಲಿನವರ ಕೈಕೆಲಸ ನೋಡಿ ಬೆರಗಾದದ್ದು, ಅಲ್ಲಿಂದ ಈ ವ್ಯಾಪಾರ ಬೆಳೆದದ್ದು, ಆಮೇಲೆ ಯೆನ್ ದುಬಾರಿಯಾಗಿ ಕೆಲಸ ಕೊರಿಯಾದ ಸಂಹೊಂಗ್ಸಾ, ಅಜಿನ್ ಥರದ ಕಾರ್ಖಾನೆಗಳಿಗೆ ಹೋದದ್ದು, ಎಲ್ಲ ಬಾಯಿಪಾಠ. ಇಷ್ಟೆಲ್ಲ ಗೊತ್ತಿದ್ದೂ ಹಳಿ ಮೇಲೆ ಇಡಲು ಮನಸ್ಸು ಬರಲಿಲ್ಲ ಅಲ್ವಾ, ಅದೇ ನನಗೆ ಅರ್ಥವಾಗದ್ದು. ಅವರ ಕಣ್ಣಿಗೆ ನಾನು ಎಂಜಿನ್ ಇಟ್ಟುಕೊಳ್ಳುವವನಲ್ಲ. ಅದನ್ನು ಮುಂದೊಂದು ದಿನ ಇನ್ನೊಬ್ಬರಿಗೆ ಮಾರುವವನು.

ಅಷ್ಟಕ್ಕೂ "ಓಡಿಸಿಲ್ಲ" ಅಂದರೆ ಒಳಗೆ ಏನಾಗಿರುತ್ತದೆ ನೋಡಿ. ಗೇರ್ ಡಬ್ಬಿಯೊಳಗಿನ ಗ್ರೀಸ್ ವರ್ಷಗಳಾದ ಮೇಲೆ ಒಣಗಿ ಮೇಣದ ಹಾಗೆ ಗಟ್ಟಿಯಾಗಿರುತ್ತದೆ. ಒಮ್ಮೆಲೇ ಕರೆಂಟ್ ಕೊಟ್ಟರೆ ಮೋಟರ್ ಬಿಸಿಯಾಗಿ ಸುಟ್ಟೇಹೋಗಬಹುದು. ಹಳೆಯ ತೆರೆದ ಮೋಟರುಗಳ ಆಯಸ್ಕಾಂತ ಶಕ್ತಿ ಕಳೆದುಕೊಂಡಿದ್ದರೆ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ. ಮೋಟರಿಗೂ ಗೇರಿಗೂ ನಡುವೆ ರಬ್ಬರ್ ಕೊಳವೆ ಇದ್ದರೆ ಅದು ಬಿರುಕು ಬಿಟ್ಟಿರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಡಬ್ಬಿಯೊಳಗಿನ ಫೋಮ್. ಎಂಜಿನ್ನನ್ನು ಕಾಪಾಡಲಿ ಅಂತ ಇಟ್ಟ ಆ ಮೆತ್ತೆಯೇ ಹಳತಾದಂತೆ ಕರಗಿ ಅಂಟಂಟಾಗಿ ಹಿತ್ತಾಳೆಯ ಮೇಲಿನ ಲ್ಯಾಕರ್‌ಗೆ, ಅಂದರೆ ಹೊಳಪಿನ ತೆಳು ಲೇಪಕ್ಕೆ, ಬಣ್ಣಕ್ಕೆ ಮೆತ್ತಿಕೊಳ್ಳುತ್ತದೆ. ಒಂದು ಸಲ ಕಲೆ ಬಿತ್ತು ಅಂದರೆ ಇಡೀ ಎಂಜಿನ್ನಿನ ಲ್ಯಾಕರ್ ತೆಗೆದು ಮತ್ತೆ ಹಾಕಬೇಕು. ಡಬ್ಬಿಯನ್ನೇ ತೆರೆಯದವರಿಗೆ ಇದು ಕಾಣುವುದಾದರೂ ಹೇಗೆ?

ಬೆಲೆಯ ಮಾತೂ ಅಷ್ಟೇ. 1990ರ ದಶಕದ ಕೊನೆಯಿಂದ ಪ್ಲಾಸ್ಟಿಕ್ ಮತ್ತು ಎರಕದ ಲೋಹದ ಮಾಡೆಲ್‌ಗಳು ಎಷ್ಟು ಚೆನ್ನಾಗಿ ಬಂದವು ಅಂದರೆ, ಅವು ಓಡುತ್ತವೆ, ಸದ್ದು ಮಾಡುತ್ತವೆ, ಡಿಜಿಟಲ್ ನಿಯಂತ್ರಣಕ್ಕೆ ತಯಾರಾಗಿ ಬರುತ್ತವೆ. ಹಾಗಾಗಿ 1960, 70ರ ದಶಕಗಳ ಬಣ್ಣವಿಲ್ಲದ ಸಾಮಾನ್ಯ ಹಿತ್ತಾಳೆ ಎಂಜಿನ್‌ಗಳ ಬೆಲೆ ಇಳಿಯಿತು. ಅವನ್ನು ಕೂಡಿಟ್ಟ ತಲೆಮಾರು ವಯಸ್ಸಾಗಿ ಹೋಗುತ್ತಿದೆ, ಅವರ ಸಂಗ್ರಹಗಳು ಮಾರುಕಟ್ಟೆಗೆ ಬರುತ್ತಲೇ ಇವೆ. ದುಡ್ಡು ಬೆಳೆಸುವುದಕ್ಕೆ ಹಿತ್ತಾಳೆ ರೈಲು ಕೊಳ್ಳಬೇಡಿ ಅಂತ ಯಾರು ಕೇಳಿದರೂ ಹೇಳುತ್ತೇನೆ. ನೋಡಿ ಖುಷಿಪಡಲು, ಓಡಿಸಲು ಕೊಳ್ಳಿ. ಬೆಲೆ ಇಳಿದಿರುವುದು ಅಂಥವರಿಗೆ ಒಳ್ಳೆಯ ಸುದ್ದಿ.

ಎಲ್ಲಿ ಕೊಳ್ಳುವುದು ಅಂತ ಎಲ್ಲರೂ ಮೊದಲು ಕೇಳುವುದು. ದಾರಿಗಳು ಬೇಕಾದಷ್ಟಿವೆ. ಅಮೆರಿಕದಲ್ಲಿ ಬ್ರಾಸ್‌ಟ್ರೇನ್ಸ್ ಥರ ಹಿತ್ತಾಳೆ ಮಾಡೆಲ್‌ಗಳಿಗೇ ಮೀಸಲಾದ ವ್ಯಾಪಾರಿಗಳಿದ್ದಾರೆ. ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ವೆಸ್ಟ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಆಮ್‌ಹರ್ಸ್ಟ್ ರೈಲ್ವೆ ಸೊಸೈಟಿ ನಡೆಸುವಂಥ ದೊಡ್ಡ ಪ್ರದರ್ಶನಗಳಲ್ಲಿ ಮೇಜಿನಿಂದ ಮೇಜಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಬಹುದು. ಟೋಕಿಯೊದ ಗಿಂಜಾದಲ್ಲಿ ಗಡಿಯಾರ, ಆಭರಣಗಳ ಜೊತೆಗೆ ರೈಲನ್ನೂ ಮಾರಿಕೊಂಡು ಬಂದ ಟೆನ್ಶೋಡೊ ಇದೆ. ಜಪಾನಿನ ಯಾಹೂ ಹರಾಜಿನಲ್ಲಿ ಒಳ್ಳೊಳ್ಳೆಯವು ಬರುತ್ತವೆ, ಹೊರದೇಶದವರು ಸಾಮಾನ್ಯವಾಗಿ ಮಧ್ಯವರ್ತಿ ಸೇವೆಯ ಮೂಲಕ ಕೂಗಬೇಕು. ಯುರೋಪಿನ ಎಂಜಿನ್‌ಗಳು ಬೇಕಾದರೆ ಸ್ವಿಟ್ಜರ್ಲೆಂಡಿನ ಫುಲ್ಗುರೆಕ್ಸ್, ಲೆಮಾಕೊ, ಜರ್ಮನಿಯ ಮೈಕ್ರೊ-ಮೆಟಾಕಿಟ್ ಹೆಸರುಗಳನ್ನು ಹುಡುಕಬೇಕು. ಹೊಸದೇ ಬೇಕೆಂದರೆ ಮುಂಗಡ ಕೊಟ್ಟು ಕಾಯಬೇಕು. ಹಿತ್ತಾಳೆಯಲ್ಲಿ ಒಂದು ಮಾಡೆಲ್ ಅಂದರೆ ಕೆಲವು ಡಜನ್‌ನಿಂದ ಕೆಲವು ನೂರರವರೆಗೆ, ಅಷ್ಟೇ. ಮುಗಿದರೆ ಮುಗಿಯಿತು.

ಆದರೆ ಯಾವ ದಾರಿ ಹಿಡಿದರೂ ನಾನು ನೋಡುವುದು ಒಂದನ್ನೇ. ಮಾರುವವರು ನನಗಾಗಿ ಅದನ್ನು ತಲೆಕೆಳಗು ಮಾಡಿ ತೋರಿಸುತ್ತಾರೋ ಇಲ್ಲವೋ. ಎಂಜಿನ್ನಿನ ಕತೆಯೆಲ್ಲ ಇರುವುದು ಹೊಟ್ಟೆಯ ಕಡೆ. ತಳದ ಸ್ಕ್ರೂಗಳ ತಲೆ ಸವೆದಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿದ್ದು ತಪ್ಪೇನಲ್ಲ, ಯಾಕೆ ಅಂತ ಕೇಳಬೇಕು. ಗಾಲಿಯ ಅಂಚಿನ ಲೇಪ ಸವೆದು ಹಿತ್ತಾಳೆ ಹಳದಿ ಕಂಡರೆ ಚೆನ್ನಾಗಿ ಓಡಿದೆ. ಗಂಟೆ, ಸಿಳ್ಳೆ, ಕೈಹಿಡಿ ಕಂಬಿ ಇವೆಲ್ಲ ಇವೆಯಾ? ಡಬ್ಬಿಯ ಲೇಬಲ್ಲಿಗೂ ಒಳಗಿರುವುದಕ್ಕೂ ತಾಳೆಯಾಗುತ್ತದೆಯಾ? ಆಮೇಲೆ ಹಿಂದಕ್ಕೂ ಮುಂದಕ್ಕೂ ಆದಷ್ಟು ನಿಧಾನವಾಗಿ ಓಡಿಸಿ ತೋರಿಸಲಿ. ವೇಗವಾಗಿ ಎಂಥದೂ ಓಡುತ್ತದೆ. ನಿಧಾನವಾಗಿ ಓಡಿದಾಗಲೇ ಗೇರಿನ ಕಷ್ಟಸುಖ ಗೊತ್ತಾಗುವುದು.

ಇದನ್ನೆಲ್ಲ ಬರೆಯುವ ಹಾಗೆ ಮಾಡಿದ್ದು ಆ ಡೀಲರ್ ಒಬ್ಬರೇ ಅಲ್ಲ. ಎರಡು ದಿನ ಬಿಟ್ಟು ಇನ್ನೊಂದು ಕಾಲ್ ಇತ್ತು. ಮಾಡೆಲ್ ರೈಲು ಸಂಘದ ಸುತ್ತೋಲೆಯಲ್ಲಿ ಬಂದ ಪುಟ್ಟ ಪ್ರಕಟಣೆ ನೋಡಿ ಮಾತಾಡಿದ್ದೆ. ಅಪ್ಪ ತೀರಿಕೊಂಡಿದ್ದಾರೆ, ಅವರ ಎಂಜಿನ್‌ಗಳನ್ನು ಮಗಳು ಮಾರುತ್ತಿದ್ದಾರೆ. ಆಕೆಗೆ ರೈಲಿನ ಗಂಧಗಾಳಿ ಇಲ್ಲ. ಶೇ ಎಂಜಿನ್ ಯಾವುದು ಅಂತ ಗುರುತಿಸಲು ನಾನೇ "ಒಂದೇ ಪಕ್ಕ ಮೆಷಿನ್ ಇರುತ್ತಲ್ಲ, ಅದು" ಅಂತ ಹೇಳಬೇಕಾಯಿತು. ಹುಡುಕಿ ತಂದರು. ಕ್ಯಾಮೆರಾದ ಮುಂದೆ ಹಿಡಿದರು. ಹಿಡಿಯುತ್ತಲೇ ಅಂದರು:

"ಕ್ಷಮಿಸಿ, ಅಪ್ಪ ಇದನ್ನು ತುಂಬಾ ಓಡಿಸಿಬಿಟ್ಟಿದ್ದಾರೆ."

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಅಲ್ಲಿ "ಒಂದು ಸಲವೂ ಓಡಿಸಿಲ್ಲ" ಅಂತ ಹೆಮ್ಮೆ. ಇಲ್ಲಿ "ತುಂಬಾ ಓಡಿಸಿಬಿಟ್ಟಿದ್ದಾರೆ" ಅಂತ ಕ್ಷಮೆ. ಯಾರು ಆಕೆಗೆ ಹಾಗೆ ಹೇಳಿಕೊಟ್ಟರೋ! ಬಹುಶಃ ನಾಲ್ಕು ಜನ ಕೊಳ್ಳಲು ಬಂದವರು ಗಾಲಿ ಸವೆದಿದೆ ಅಂತ ಮುಖ ಸಿಂಡರಿಸಿ ಬೆಲೆ ಇಳಿಸಲು ನೋಡಿರಬೇಕು. ಅಂಥವರ ಮೇಲೆ ನನಗೆ ಸಿಟ್ಟಿದೆ. ಬೆಲೆ ಚೌಕಾಸಿ ಮಾಡಲಿ, ಬೇಡ ಅನ್ನುವುದಿಲ್ಲ. ಅಪ್ಪ ತನ್ನ ಎಂಜಿನ್ನನ್ನು ಓಡಿಸಿದ್ದು ಒಂದು ಕೆಡಕು ಅನ್ನುವ ಹಾಗೆ ಮಗಳಿಗೆ ಅನ್ನಿಸುವಂತೆ ಮಾತಾಡಬಾರದು.

"ಇದಕ್ಕೆ ಕ್ಷಮೆ ಕೇಳಬೇಡಿ" ಅಂದೆ. ಗಾಲಿ ತೋರಿಸಿ ಅಂದೆ. ಲೇಪ ಸವೆದಿತ್ತು, ನಿಜ. ಬಣ್ಣ ಹಚ್ಚಿದ್ದು ಅವರಪ್ಪನೇ ಇರಬೇಕು, ಮಂಕು ಕಪ್ಪು, ಕೆಳಗೆ ಎಣ್ಣೆ ಜಿಡ್ಡಿನ ಕಲೆ ಬಿದ್ದ ಹಾಗೆ ಕುಂಚದಲ್ಲಿ ಎಳೆದ ಕಂದು. ಡಬ್ಬಿಯೊಳಗೆ ಹಳೆಯ ಫೋಮ್ ಇರಲಿಲ್ಲ, ಬಿಳಿ ಬಟ್ಟೆ ಸುತ್ತಿದ್ದರು. ಅದರ ಕೆಳಗೆ ಮಡಿಸಿಟ್ಟ ರಟ್ಟಿನ ಚೀಟಿ. ಆಕೆ ಅದನ್ನೂ ಕ್ಯಾಮೆರಾಕ್ಕೆ ಹಿಡಿದರು. ಪೆನ್ಸಿಲ್ಲಿನಲ್ಲಿ ಒಂದರ ಕೆಳಗೊಂದು ತಾರೀಕು, ಮುಂದೆ ಸಣ್ಣ ಟಿಪ್ಪಣಿ. ಗ್ರೀಸ್ ಬದಲಿಸಿದೆ. ಹಿಂದಿನ ಗೇರ್ ಸದ್ದು ಮಾಡುತ್ತಿದೆ. ತೆಳು ವಾಷರ್ ಹಾಕಿದೆ, ಸದ್ದು ನಿಂತಿತು. ಮೋಟರ್ ಬದಲಿಸಿದೆ.

ಯಾವ ಡೀಲರ್ ಕೊಡುವ ಪ್ರಮಾಣಪತ್ರವೂ ನನಗೆ ಇಷ್ಟು ನಂಬಿಕೆ ಹುಟ್ಟಿಸಿಲ್ಲ.

ಹಳಿ ಮೇಲೆ ಇಡಿ ಅಂದೆ. ಇಡುವುದಕ್ಕೇ ಸುಮಾರು ಹೊತ್ತು ಹಿಡಿಯಿತು. ಎಂಜಿನ್ನಿನ ಕೆಳಗೆ ಹಿಂದೆ ಮುಂದೆ ಇರುವ ಎರಡೂ ಗಾಲಿಗುಂಪುಗಳನ್ನು ಒಟ್ಟಿಗೆ ಹಳಿಗೆ ಕೂರಿಸುವುದು ಅಭ್ಯಾಸವಿಲ್ಲದವರಿಗೆ ಕಷ್ಟ. ಗುಂಡಿಯನ್ನು ಮೆಲ್ಲಗೆ ತಿರುಗಿಸಿ, ಸದ್ದು ಬಂದು ಎಂಜಿನ್ ಹೊರಡದಿದ್ದರೆ ತಕ್ಷಣ ಆರಿಸಿ ಅಂತ ಹೇಳಿದ್ದೆ. ಹಾಗಾಗಲಿಲ್ಲ. ಹೊರಟಿತು. ಶಾಫ್ಟ್ ತಿರುಗಿತು, ಎಳ್ಳುಕಾಳಿನಷ್ಟು ಸಣ್ಣ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡು ಹೊರಳಿದವು. ಆಕೆ ಗುಂಡಿ ಬಿಟ್ಟು ಹಳಿಯ ಮಟ್ಟಕ್ಕೆ ತಲೆ ಬಗ್ಗಿಸಿ ನೋಡತೊಡಗಿದರು. "ಇಷ್ಟು ವರ್ಷ ಮನೆಯಲ್ಲಿ ಇತ್ತು, ಈ ಪಕ್ಕದಿಂದ ನಾನು ನೋಡೇ ಇರಲಿಲ್ಲ" ಅಂದರು.

ಬೆಲೆ ಮಾತಾಡಲು ಕಷ್ಟವಾಗಲಿಲ್ಲ. ಕೇಳುವ ಬೆಲೆ ಬೇರೆ, ನಿಜವಾಗಿ ಮಾರಾಟವಾಗುವ ಬೆಲೆ ಬೇರೆ. ಇಂಥದೇ ಎಂಜಿನ್‌ಗಳು ಹರಾಜಿನಲ್ಲಿ ಕೊನೆಗೆ ಎಷ್ಟಕ್ಕೆ ಹೋಗಿವೆ ಅಂತ ಆಕೆಗೂ ತೋರಿಸಿದೆ. ಅದರ ಮೇಲೆ ಚೀಟಿಗೆ ಅಂತ ಸ್ವಲ್ಪ ಸೇರಿಸಿದೆ. ಬೇಡ ಅಂದರು, ನಾನು ಬಿಡಲಿಲ್ಲ.

ಈಗ ಉಳಿದಿರುವುದು ಬಾಕಿ ಡಬ್ಬಿಗಳ ಪ್ರಶ್ನೆ. ಎಲ್ಲವನ್ನೂ ಒಂದೇ ಕಂತೆ ಮಾಡಿ ಹರಾಜಿಗೆ ಹಾಕಿ ಕೈತೊಳೆದುಕೊಳ್ಳೋಣ ಅಂತ ಆಕೆಯ ಅಣ್ಣ ಹೇಳುತ್ತಿದ್ದಾರಂತೆ. ಅವರಿಗೆ ಇದು ಬರೀ ಜಾಗ ತಿನ್ನುವ ಸಾಮಾನು ಅನ್ನಿಸುತ್ತದೆ, ಅದು ಮಾತಿನಲ್ಲೇ ಗೊತ್ತಾಗುತ್ತದೆ. ಹಾಗೆ ಮಾಡಿದರೆ ಕೊರಿಯಾದಲ್ಲಿ ಬಣ್ಣ ಹಚ್ಚಿಸಿ ತರಿಸಿದ ಅಪರೂಪದ್ದೂ ಎಲ್ಲೆಂದರಲ್ಲಿ ಸಿಗುವ ಹಳೆಯದ್ದೂ ಒಂದೇ ತಕ್ಕಡಿಗೆ ಬೀಳುತ್ತವೆ, ಚೀಟಿಗಳು ಕಸಕ್ಕೆ ಹೋಗುತ್ತವೆ. ಅಪರೂಪದವನ್ನು ಹಿತ್ತಾಳೆಯನ್ನೇ ಮಾರುವ ಡೀಲರ್ ಮೂಲಕ ಕೊಡಿ, ಓಡುವ ಹಳೆಯವನ್ನು ಸಂಘದವರಿಗೆ ಒಂದೊಂದಾಗಿ ಕೊಡಿ ಅಂದಿದ್ದೇನೆ. ಭಾನುವಾರ ಅಣ್ಣನೂ ಕಾಲ್‌ಗೆ ಬರುತ್ತಾರಂತೆ. ಅಷ್ಟರೊಳಗೆ ಪ್ರತಿ ಡಬ್ಬಿಯ ಲೇಬಲ್ಲಿನ ಫೋಟೊ, ತಳದ ಫೋಟೊ ಕಳಿಸಿ, ಎಲ್ಲಾದರೂ ಹಳೆಯ ಫೋಮ್ ಕಂಡರೆ ಇವತ್ತೇ ತೆಗೆದು ಬಟ್ಟೆ ಸುತ್ತಿ, ಯಾವ ಚೀಟಿ ಯಾವ ಡಬ್ಬಿಯದೋ ಅದರಲ್ಲೇ ಇರಲಿ ಅಂತ ಬರೆದು ಕಳಿಸಿದೆ.