ಉಗ್ಗಿಗೊಂದು ಕುರ್ಚಿ

ನನಗೆ ಉಗ್ಗು ಇದೆ, ಚಿಕ್ಕಂದಿನಿಂದಲೂ. 'ಕ' ಮತ್ತು 'ಬ' ಗಂಟಲಲ್ಲೇ ನಿಂತುಬಿಡುತ್ತವೆ. ಹಾಗಾಗಿ ಕಾಫಿ ಬೇಕೆನಿಸಿದರೂ ಟೀ ಹೇಳುತ್ತಿದ್ದೆ. ಬನಶಂಕರಿಗೆ ಹೋಗುವುದಿದ್ದರೆ ಜಯನಗರಕ್ಕೆ ಟಿಕೆಟ್ ತಗೊಂಡು ಅಲ್ಲಿಂದ ನಡೆಯುತ್ತಿದ್ದೆ. ಜೊತೆಯಲ್ಲಿ ಕೆಲಸ ಮಾಡುವವರಿಗೂ ಎಷ್ಟೋ ಕಾಲ ಗೊತ್ತಾಗಿರಲಿಲ್ಲ. ಮುಚ್ಚಿಡುವ ಆ ಶ್ರಮದಲ್ಲೇ ದಿನ ಕಳೆಯುತ್ತಿತ್ತು.

ಗೆಸ್ಟಾಲ್ಟ್ ಥೆರಪಿ, ಅಂದರೆ ಈ ಕ್ಷಣ ಮೈಮನಸ್ಸಿನಲ್ಲಿ ಏನಾಗುತ್ತಿದೆ ಅನ್ನುವುದನ್ನು ಗಮನಿಸಲು ಕಲಿಸುವ ಮನೋಚಿಕಿತ್ಸೆ, ಮಾಡುವ ಮೇಡಂ ಒಬ್ಬರ ಹತ್ತಿರ ಹೋದಾಗ ನಾನು ಕೇಳಿದ್ದು ಒಂದೇ: "ಇದು ಹೋಗಬೇಕು ಮೇಡಂ." ಅವರು, "ಅದನ್ನ ಹೇಳುವಾಗ ನಿಮ್ಮ ಕತ್ತು ಏನು ಮಾಡ್ತಿದೆ, ನೋಡ್ಕೊಳ್ಳಿ" ಅಂದರು. ಕತ್ತು ಕಲ್ಲಾಗಿತ್ತು. ಉಸಿರನ್ನೂ ಬಿಗಿಹಿಡಿದಿದ್ದೆ.

ಇನ್ನೊಂದು ದಿನ ಎದುರಿಗೆ ಖಾಲಿ ಕುರ್ಚಿ ಇಟ್ಟರು. ಗೆಸ್ಟಾಲ್ಟ್ ಥೆರಪಿ ಕಟ್ಟಿದವರಲ್ಲಿ ಒಬ್ಬರಾದ ಫ್ರಿಟ್ಜ್ ಪರ್ಲ್ಸ್ ಜನಪ್ರಿಯಗೊಳಿಸಿದ ವಿಧಾನ ಇದು. ನಮ್ಮೊಳಗೆ ಸದಾ ಗದರಿಸುವ ಯಜಮಾನನೊಬ್ಬ, ನೆಪ ಹೇಳಿ ತಪ್ಪಿಸಿಕೊಳ್ಳುವ ಆಳೊಬ್ಬ ಇರುತ್ತಾರೆ, ಸಾಮಾನ್ಯವಾಗಿ ಗೆಲ್ಲುವುದು ಆಳೇ ಅನ್ನುತ್ತಿದ್ದರು ಪರ್ಲ್ಸ್. ನಾನು ಯಜಮಾನನ ಕುರ್ಚಿಯಲ್ಲಿ ಕೂತು ನನ್ನನ್ನೇ ಬೈದೆ. "ಮೂವತ್ತು ದಾಟಿದೆ, ನಿನ್ನ ಹೆಸರನ್ನ ನೆಟ್ಟಗೆ ಹೇಳಕ್ಕೆ ಬರಲ್ವಲ್ಲೋ!" ಒಂದಕ್ಷರವೂ ತಡೆಯಲಿಲ್ಲ. ಬೇರೆ ಪಾತ್ರವಾಗಿ ಮಾತಾಡುವಾಗ ಉಗ್ಗು ಮಾಯವಾಗುವುದು ನಮ್ಮಂಥವರಲ್ಲಿ ಬಹಳ ಜನರಿಗೆ ಗೊತ್ತು. ಆಮೇಲೆ ನನ್ನ ಕುರ್ಚಿಗೆ ಬಂದು ಉತ್ತರ ಕೊಡಬೇಕಿತ್ತು. "ನಾ... ನಾನು ಹೀ... ಹೀಗೇ ಮಾತಾಡೋದು" ಅಂದೆ. ಪೂರ್ತಿ ಉಗ್ಗಿ, ಒಂದು ಪದವನ್ನೂ ಬದಲಿಸದೆ. ಅತ್ತುಬಿಟ್ಟೆ. ಕತ್ತು ಸಡಿಲವಾಗಿತ್ತು.

ಅರ್ನಾಲ್ಡ್ ಬೈಸರ್ ಬಗ್ಗೆ ಓದಿದ್ದು ಆಮೇಲೆ. ಅಮೆರಿಕದ ಯುವ ವೈದ್ಯ, ಒಳ್ಳೆಯ ಟೆನಿಸ್ ಆಟಗಾರ. 1950ರಲ್ಲಿ, 25ರ ಪ್ರಾಯದಲ್ಲಿ ಪೋಲಿಯೊ ಬಂದು ಮೈ ಸ್ವಾಧೀನ ತಪ್ಪಿತು, ಉಸಿರಾಡಲು ಐರನ್ ಲಂಗ್ ಎಂಬ ಯಂತ್ರದೊಳಗೆ ಮಲಗಬೇಕಾಯಿತು. ಮುಂದೆ ಮನೋವೈದ್ಯರಾದ ಅವರು 1970ರಲ್ಲಿ ಬರೆದ ಪುಟ್ಟ ಲೇಖನದ ಸಾರ ಇಷ್ಟು: ತಾನಲ್ಲದ್ದು ಆಗಲು ಹೆಣಗುವಷ್ಟು ಕಾಲ ಮನುಷ್ಯ ಬದಲಾಗುವುದಿಲ್ಲ, ತಾನು ಏನೋ ಅದೇ ಆದಾಗ ಬದಲಾವಣೆ ಶುರುವಾಗುತ್ತದೆ. ಬೇರೆ ಯಾರೇ ಹೇಳಿದ್ದರೂ ನಾನು ಸಮಾಧಾನದ ಮಾತು ಅಂದುಕೊಳ್ಳುತ್ತಿದ್ದೆ. ಆ ದೇಹದಲ್ಲಿ ಬದುಕಿದವರು ಹೇಳಿದ್ದರಿಂದ ನಂಬಿದೆ.

ಅಣ್ಣ ಕೇಳಿದ: "ಅಂದ್ರೆ ಕೈಚೆಲ್ಲಿ ಕೂತ್ಕೊಂಡೆ ಅಂತಲೇನೋ?" ಇಲ್ಲಣ್ಣ. ಸ್ಪೀಚ್ ಥೆರಪಿಯ ಅಭ್ಯಾಸ ದಿನವೂ ಮಾಡುತ್ತೇನೆ, ಮೊದಲಿಗಿಂತ ಹೆಚ್ಚು ಮನಸ್ಸಿಟ್ಟು. ಮೊದಲು ಅದು ನನ್ನ ಮೇಲೇ ಸೇಡು ತೀರಿಸಿಕೊಂಡಂತಿತ್ತು. ಈಗ ಮೀಟಿಂಗಿನಲ್ಲಿ ಮೊದಲೇ "ನನಗೆ ಉಗ್ಗಿದೆ, ಸ್ವಲ್ಪ ಕಾಯಬೇಕಾಗುತ್ತೆ" ಅಂತ ಹೇಳಿಬಿಡುತ್ತೇನೆ. ಕಾಯುತ್ತಾರೆ. ಕೆಲವು ದಿನ ತಡೆ ಕಡಿಮೆ, ಕೆಲವು ದಿನ ವಿಪರೀತ. ಹೇಳಬೇಕಾದ್ದನ್ನು ಮಾತ್ರ ಪೂರ್ತಿ ಹೇಳುತ್ತೇನೆ.

ನಿಮ್ಮ ಮನೆಯಲ್ಲಿ ಉಗ್ಗುವ ಮಗುವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ತೋರಿಸಿ. ದಯವಿಟ್ಟು ಮಗುವಿನ ವಾಕ್ಯವನ್ನು ನೀವು ಮುಗಿಸಬೇಡಿ.