ನಾರಿನ ಕೋನ ಮತ್ತು ದ್ರವ ಹರಿಯುವ ಕೊಳವೆಯ ಸ್ಥಿರತೆ

ಗಾಜಿನ ನಾರನ್ನು ಎಪಾಕ್ಸಿ ಎಂಬ ರಾಳದಲ್ಲಿ ಅದ್ದಿ ಸುತ್ತಿ ಮಾಡುವ ಒತ್ತಡದ ಕೊಳವೆಗಳಲ್ಲಿ, ನಾರು ಅಕ್ಷದೊಂದಿಗೆ ಸುಮಾರು 55 ಡಿಗ್ರಿ ಕೋನದಲ್ಲಿರುವುದು ರೂಢಿ. ತುದಿ ಮುಚ್ಚಿದ ಕೊಳವೆಯಲ್ಲಿ ಒಳಒತ್ತಡದಿಂದ ಸುತ್ತಳತೆಯ ದಿಕ್ಕಿನಲ್ಲಿ ಹುಟ್ಟುವ ಪೀಡನವು (ಗೋಡೆಯ ಘಟಕ ವಿಸ್ತೀರ್ಣದ ಮೇಲಿನ ಬಲ) ಉದ್ದದ ದಿಕ್ಕಿನದರ ಎರಡರಷ್ಟಿರುವುದರಿಂದ, ಹೊರೆಯನ್ನೆಲ್ಲ ನಾರೇ ಹೊರುತ್ತದೆಂದು ಲೆಕ್ಕ ಹಾಕಿದರೆ 54.7 ಡಿಗ್ರಿ ಬರುತ್ತದೆ. ಒತ್ತಡದ ಮಟ್ಟಿಗೆ ಇದು ಸರಿಯಾದ ಉತ್ತರ. ಕಂಪನದ ಪ್ರಶ್ನೆಗೂ ಇದನ್ನೇ ಉತ್ತರವೆಂದು ಒಪ್ಪಿಕೊಳ್ಳಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡೂ ತುದಿಗಳಲ್ಲಿ ಆಧಾರವಿರುವ ಕೊಳವೆ ತುಸು ಬಾಗಿದಾಗ, ಅದರಲ್ಲಿ ಹರಿಯುವ ದ್ರವವು ಕೇಂದ್ರಾಪಗಾಮಿ ಬಲದಿಂದ ಆ ಬಾಗನ್ನು ಇನ್ನಷ್ಟು ಹೆಚ್ಚಿಸಲು ನೋಡುತ್ತದೆ. ಪರಿಣಾಮದಲ್ಲಿ ಇದು ಕೊಳವೆಯನ್ನು ಎರಡು ತುದಿಗಳಿಂದ ಒತ್ತಿದಂತೆಯೇ. ವೇಗ ಏರಿದಂತೆ ಸಹಜ ಆವರ್ತನ, ಅಂದರೆ ಕೊಳವೆ ತಾನಾಗಿ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆಂಬ ಸಂಖ್ಯೆ, ಇಳಿಯುತ್ತದೆ, ಕ್ರಾಂತಿಕ ವೇಗದಲ್ಲಿ ಸೊನ್ನೆಯಾಗುತ್ತದೆ, ಆಗ ಕೊಳವೆ ಕಂಪಿಸದೆ ಒಂದು ಬದಿಗೆ ಬಾಗಿ ನಿಲ್ಲುತ್ತದೆ. ಇದರ ಸಮೀಕರಣವನ್ನು ಫ್ರೆಂಚ್ ಸಂಶೋಧಕ ಬೂರಿಯೇರ್ 1939ರಲ್ಲೇ ಬರೆದಿದ್ದರು. ನೆಲದ ಮೇಲೆ ಹಾಯುವ ಟ್ರಾನ್ಸ್-ಅರೇಬಿಯನ್ ತೈಲಮಾರ್ಗದ ಕಂಪನವನ್ನು ಅರಿಯಲು ಸಂಶೋಧಕರಾದ ಆಶ್ಲೆ ಮತ್ತು ಹ್ಯಾವಿಲೆಂಡ್ 1950ರಲ್ಲಿ ಈ ವಿಷಯವನ್ನು ಮತ್ತೆ ಕೈಗೆತ್ತಿಕೊಂಡರು.

ಒಂದು ಲೆಕ್ಕ ನೋಡೋಣ. ಒಳವ್ಯಾಸ 100 ಮಿ.ಮೀ., ಗೋಡೆ 3 ಮಿ.ಮೀ., ಆಧಾರಗಳ ಅಂತರ 6 ಮೀಟರ್, ಒಳಗೆ ನೀರು, ತುದಿಗಳು ತಿರುಗಲು ಮುಕ್ತ. ಉಕ್ಕಿನ ಕೊಳವೆಯಾದರೆ ಕ್ರಾಂತಿಕ ವೇಗ ಸೆಕೆಂಡಿಗೆ ಸುಮಾರು 95 ಮೀಟರ್. ಉದ್ದದ ದಿಕ್ಕಿನ ಸ್ಥಿತಿಸ್ಥಾಪಕಾಂಕ (ವಸ್ತುವಿನ ಬಿಗಿತದ ಅಳತೆ) 12 ಗಿಗಾಪ್ಯಾಸ್ಕಲ್ ಇರುವ, ನಾರು-ರಾಳ ಸೇರಿದ 55 ಡಿಗ್ರಿಯ ಸಂಯುಕ್ತ ಕೊಳವೆಗೆ ಅದು ಸುಮಾರು 23 ಮೀಟರ್. ನಾರನ್ನು ಹೆಚ್ಚಾಗಿ ಉದ್ದಕ್ಕೇ ಹಾಸಿ 40 ಗಿಗಾಪ್ಯಾಸ್ಕಲ್ ಪಡೆದರೆ 42 ಮೀಟರ್. ನೀರಿನ ಮಾರ್ಗದಲ್ಲಿ ಹರಿವು ಸಾಮಾನ್ಯವಾಗಿ ಎರಡು-ಮೂರು ಮೀಟರ್ ವೇಗದ್ದಾದ್ದರಿಂದ ಹರಿವೊಂದರಿಂದಲೇ ಅಪಾಯವಿಲ್ಲ. ಆದರೆ ನೀರು ತುಂಬಿದ ಕೊಳವೆಯ ಮೊದಲ ಸಹಜ ಆವರ್ತನ ಉಕ್ಕಿನಲ್ಲಿ 5.6 ಹರ್ಟ್ಜ್ ಇದ್ದದ್ದು 55 ಡಿಗ್ರಿಯ ಕೊಳವೆಯಲ್ಲಿ 1.7 ಹರ್ಟ್ಜ್‌ಗೆ ಇಳಿಯುತ್ತದೆ. ಕೊಳವೆ ಹಗುರವೆಂಬ ಲಾಭವೂ ಇಲ್ಲಿ ಬಹಳ ನೆರವಾಗದು, ಏಕೆಂದರೆ ಒಟ್ಟು ತೂಕದ ಐದರಲ್ಲಿ ನಾಲ್ಕು ಪಾಲು ನೀರಿನದೇ.

ನಿಜವಾದ ಅಪಾಯ ಒತ್ತಡದಲ್ಲಿದೆ. ಸಮೀಕರಣದಲ್ಲಿ ಒಳಒತ್ತಡವೂ ಹರಿವಿನ ವೇಗವೂ ಒಂದೇ ಪದದಲ್ಲಿ, ಕೊಳವೆಯನ್ನು ತುದಿಗಳಿಂದ ಒತ್ತುವ ಬಲದಂತೆ, ಕೂಡಿಕೊಳ್ಳುತ್ತವೆ. ಮೇಲಿನ ಕೊಳವೆಯಲ್ಲಿ ಸೆಕೆಂಡಿಗೆ 3 ಮೀಟರ್ ಹರಿವಿನ ಪಾಲು ಸುಮಾರು 70 ನ್ಯೂಟನ್. 10 ಬಾರ್ ಒತ್ತಡದ ಪಾಲು 7,800 ನ್ಯೂಟನ್‌ಗೂ ಹೆಚ್ಚು. 55 ಡಿಗ್ರಿಯ ಕೊಳವೆ ಬದಿಗೆ ಬಾಗದೆ ತಾಳುವುದು ಸುಮಾರು 4,200 ನ್ಯೂಟನ್ ಮಾತ್ರ. ತುದಿ ಮುಚ್ಚಿದ್ದು ಗೋಡೆ ಉದ್ದದ ಸೆಳೆತವನ್ನು ಹೊರುತ್ತಿದ್ದರೆ ಒತ್ತಡದ ಪಾಲು ರದ್ದಾಗುತ್ತದೆ. ಸೆಳೆತ ಹೊರದ ಬೆಲ್ಲೋಸ್ (ಹಿಗ್ಗಿ ಕುಗ್ಗುವ ಮಡಿಕೆಗಳ) ಜೋಡಣೆ ಹಾಕಿದರೆ ರದ್ದಾಗುವುದಿಲ್ಲ, ಕೊಳವೆ ಬದಿಗೆ ಬಾಗುತ್ತದೆ. ಒಡೆಯುವ ಒತ್ತಡವನ್ನಷ್ಟೇ ಪರೀಕ್ಷಿಸಿದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ.

ಒಂದು ತುದಿ ಆಧಾರವಿಲ್ಲದೆ ಮುಕ್ತವಾಗಿರುವ ಕೊಳವೆಯ ವರ್ತನೆ ಇನ್ನೂ ಬೇರೆ. ಕಡಿಮೆ ವೇಗದಲ್ಲಿ ಕೊರಿಯೊಲಿಸ್ ಬಲ (ತಿರುಗುತ್ತಿರುವ ಕೊಳವೆಯೊಳಗೆ ದ್ರವ ಹರಿಯುವುದರಿಂದ ಹುಟ್ಟುವ ಬಲ) ಕಂಪನವನ್ನು ತಗ್ಗಿಸುತ್ತದೆ. ಒಂದು ಮಿತಿ ದಾಟಿದ ಮೇಲೆ ಹರಿವೇ ಕಂಪನಕ್ಕೆ ಶಕ್ತಿಯೂಡಿ ಕೊಳವೆ ಹೊಯ್ದಾಡತೊಡಗುತ್ತದೆ. 1966ರಲ್ಲಿ ಸಂಶೋಧಕರಾದ ಗ್ರೆಗರಿ ಮತ್ತು ಪೈಡೂಸಿಸ್ ಪ್ರಯೋಗದಿಂದಲೂ ಇದನ್ನು ತೋರಿಸಿದರು. ವಸ್ತುವಿನ ಒಳಗಿನ ಅವಮಂದನವು (ಕಂಪನದ ಶಕ್ತಿಯನ್ನು ಹೀರಿಕೊಳ್ಳುವ ಗುಣ) ಕೆಲವು ಸಂದರ್ಭಗಳಲ್ಲಿ ಈ ಮಿತಿಯನ್ನು ಏರಿಸುವ ಬದಲು ಇಳಿಸುತ್ತದೆ. ಆದ್ದರಿಂದ ರಾಳದ ಅವಮಂದನ ಹೆಚ್ಚೆಂಬ ಕಾರಣಕ್ಕೆ ಸಂಯುಕ್ತ ಕೊಳವೆಯನ್ನು ತಾನಾಗಿಯೇ ಸುರಕ್ಷಿತವೆಂದು ಎಣಿಸಲಾಗದು. 55 ಡಿಗ್ರಿಯ ಪದರಗಳ ಮೇಲೆ ಉದ್ದದ ಕೆಲವು ಪದರಗಳನ್ನು ಸೇರಿಸಿ, ನೀರು ತುಂಬಿ ಒತ್ತಡ ಕೊಟ್ಟ ಸ್ಥಿತಿಯಲ್ಲೇ ಆವರ್ತನವನ್ನು ಅಳೆದು ನೋಡಬೇಕು.