ಚೀಟಿ ಎತ್ತಿದ ದಿನ

ಆವತ್ತು ನಮ್ಮ ಏರಿಯಾದಲ್ಲಿ ಎಲ್ಲರಿಗೂ ಮಂಡಿನೋವು ಶುರುವಾಗಿತ್ತು. ಹಿಂದಿನ ದಿನ ಎರಡು ಕೊಡ ನೀರು ಹೊತ್ತಿದ್ದ ನಮ್ಮಮ್ಮನೂ ಬೆಳಿಗ್ಗೆ ಕುಂಟುತ್ತಾ ಹೊರಟಳು. ಸರ್ಕಾರ ಕಟ್ಟಿಸಿದ ಹೊಸ ಮನೆಗಳನ್ನು ಅವತ್ತು ಚೀಟಿ ಎತ್ತಿ ಹಂಚೋರಿದ್ದರು; ವಯಸ್ಸಾದವರಿಗೆ, ಕಾಲು ಆಗದವರಿಗೆ ಗ್ರೌಂಡ್ ಫ್ಲೋರ್ ಕೊಡ್ತಾರಂತೆ ಅಂತ ಯಾರೋ ಹಬ್ಬಿಸಿದ್ದರು.

2013ರ ಮಾತು. ಬೆಂಗಳೂರಿನ ಒಂದು ರಾಜಕಾಲುವೆ ಪಕ್ಕ ಶೀಟಿನ ಮನೆಗಳ ಸಾಲು ನಮ್ಮದು. ಹೊರಗಿನವರು ಸ್ಲಂ ಅಂದರೆ ನಮಗೆ ಸಿಟ್ಟು ಬರುತ್ತಿತ್ತು. ಹಿರಿಯರು ಮಾತ್ರ "ನಮ್ದು ಡಿಕ್ಲೇರ್ ಆಗಿರೋ ಸ್ಲಂ ಕಣೋ" ಅಂತ ಎದೆಯುಬ್ಬಿಸಿ ಹೇಳುತ್ತಿದ್ದರು. 1973ರ ಕೊಳಗೇರಿ ಕಾಯ್ದೆಯಡಿ ಘೋಷಣೆ ಆಗಿದ್ದರೆ ಸರ್ಕಾರದ ಪುಸ್ತಕದಲ್ಲಿ ನಾವಿದ್ದೇವೆ ಅಂತ ಅರ್ಥ. ಅದೊಂದು ಧೈರ್ಯ.

2005ರಲ್ಲಿ ಕೇಂದ್ರ ಸರ್ಕಾರ ನಗರಗಳ ಅಭಿವೃದ್ಧಿಗೆ ಅಂತ ನರ್ಮ್ ಯೋಜನೆ ತಂದಿತು. ಅದರಲ್ಲಿ ನಗರದ ಬಡವರ ಮನೆಗೆ ಅಂತಲೇ ಒಂದು ಭಾಗವಿತ್ತು. ಎರಡು ಕೋಣೆ, ಅಡುಗೆಮನೆ, ಕಕ್ಕಸು, ಒಟ್ಟು 25 ಚದರ ಮೀಟರ್‌ಗೆ ಕಮ್ಮಿ ಇರಬಾರದು ಅನ್ನೋದು ನಿಯಮ. ಖರ್ಚಿನಲ್ಲಿ ಶೇ 10ರಿಂದ 12ರಷ್ಟು ನಮ್ಮ ಪಾಲು. ಅಮ್ಮ ಅದನ್ನು ಚೀಟಿ ಫಂಡಿಗೆ ಕಟ್ಟಿ ಕೂಡಿಸಿದಳು. ಸರ್ವೆಗೆ ಬಂದಾಗ ಅಣ್ಣನಿಗೆ ಮದುವೆ ಆಗಿರಲಿಲ್ಲ. ಕೀಲಿ ಕೊಡೋ ಹೊತ್ತಿಗೆ ಅವನಿಗೆ ಎರಡು ಮಕ್ಕಳು. ಪಟ್ಟಿಯಲ್ಲಿ ಮಾತ್ರ ನಮ್ಮದು ಆಗಲೂ ಒಂದೇ ಮನೆ. ಹಳೇ ಮನೆ ಕೆಡವಿ ಹೊಸದು ಕಟ್ಟೋಕೆ ಒಂದೂವರೆ ವರ್ಷ ಅಂತ ಹೇಳಿ ತಗಡಿನ ಶೆಡ್ಡಿಗೆ ಕಳಿಸಿದ್ದರು, ಮೂರು ಬೇಸಿಗೆ ಅಲ್ಲೇ ಬೆಂದೆವು.

ಯಾರಿಗೆ ಯಾವ ಮಹಡಿ ಅಂತ ಚೀಟಿ ಎತ್ತಿದ್ದು ಅಂಗನವಾಡಿ ಅಂಗಳದಲ್ಲಿ. ಹಸಿರು ಪ್ಲಾಸ್ಟಿಕ್ ಬಿಂದಿಗೆ, ಅದರೊಳಗೆ ಮಡಚಿದ ಚೀಟಿಗಳು. ಎತ್ತೋಕೆ ಒಂದು ಪುಟ್ಟ ಹುಡುಗಿ. ಅವಳ ಕೈ ಬಿಂದಿಗೆಯೊಳಗೆ ಹೋದಾಗಲೆಲ್ಲ ಗಲಾಟೆ ನಿಂತುಹೋಗುತ್ತಿತ್ತು. ಅಮ್ಮನ ಸರದಿ ಬಂದಾಗ ಕುಂಟೋದು ಇನ್ನೂ ಜಾಸ್ತಿ ಆಯಿತು. "ನಿಮಗೇನಮ್ಮ ಆಗಿರೋದು?" ಅಂತ ಮೇಜಿನ ಹಿಂದಿದ್ದವರು ಕೇಳಿದರು. "ಬಲಗಾಲು ಸಾರ್" ಅಂದಳು. ಅಲ್ಲೀವರೆಗೆ ಕುಂಟಿಕೊಂಡು ಬಂದಿದ್ದು ಎಡಗಾಲು! ಸುತ್ತ ಇದ್ದವರೆಲ್ಲ ನಕ್ಕರು, ಅವರೂ ನಕ್ಕರು. ಮೂರನೇ ಮಹಡಿ ಬಂತು.

ಅಮ್ಮ ನಗಲಿಲ್ಲ. ಅವಳಿಗೆ ಬೇಕಾಗಿದ್ದು ಕೆಳಗಿನ ಮನೆಯಲ್ಲ, ಕೆಳಗಿನ ಬಾಗಿಲು. ಬೆಳಿಗ್ಗೆ ಆರೂವರೆಗೆ ನಮ್ಮನೆ ಬಾಗಿಲಲ್ಲಿ ಇಡ್ಲಿ ಹಬೆ ಏಳುತ್ತಿತ್ತು. ಗಾರೆ ಕೆಲಸದವರು, ಆಟೋದವರು ಅಲ್ಲೇ ನಿಂತು ತಿಂದು ಹೋಗುತ್ತಿದ್ದರು. ನಾಲ್ಕು ಇಡ್ಲಿಗೆ ಮೂರು ಮಹಡಿ ಯಾರು ಹತ್ತುತ್ತಾರೆ?

ಸಾಮಾನು ಸಾಗಿಸೋ ದಿನ ಒರಳುಕಲ್ಲಿನ ತಕರಾರು. ಗ್ರೈಂಡರ್ ಬಂದು ಎಷ್ಟೋ ವರ್ಷ ಆಗಿದ್ದರೂ ಚಟ್ನಿ ಒರಳಲ್ಲೇ ಆಗಬೇಕು ಅಮ್ಮನಿಗೆ. ಹಳೇ ಮನೆ ನೆಲದಲ್ಲಿ ಅರ್ಧ ಹೂತಿದ್ದ ಕಲ್ಲು ಅದು. ಜೆಸಿಬಿ ಬರೋ ಹಿಂದಿನ ರಾತ್ರಿ ಅಣ್ಣ, ನಾನು ಹಾರೆಯಿಂದ ಅಗೆದು ತೆಗೆದಿದ್ದೆವು. ಈಗ ನಾಲ್ಕು ಜನ ಹಗ್ಗ ಕಟ್ಟಿ ಎತ್ತಿದರು. ಆರನೇ ಮೆಟ್ಟಿಲಿಗೆ ಒಬ್ಬನ ಸೊಂಟ ಹಿಡಿಯಿತು. ಅವನ ನೋವು ಮಾತ್ರ ನಿಜದ್ದು, ಪಾಪ. ಕಲ್ಲನ್ನು ವಾಪಸ್ ಇಳಿಸಿ ಮೆಟ್ಟಿಲ ಕೆಳಗಿನ ಸಂದಿಗೆ ಉರುಳಿಸಿದೆವು.

ಮನೆ ಚೆನ್ನಾಗಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಮೊದಲ ರಾತ್ರಿ ಅತ್ತಿಗೆ ಬಚ್ಚಲುಮನೆ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ಕತ್ತಲಲ್ಲಿ ಚೊಂಬು ಹಿಡಿದು ಜೊತೆಗೆ ಬಾ ಅಂತ ಯಾರನ್ನೂ ಎಬ್ಬಿಸಬೇಕಾಗಿರಲಿಲ್ಲ. ಆ ವರ್ಷ ಕಾಲುವೆ ಉಕ್ಕಿದಾಗ ನಾವು ಮೇಲೆ ಕಿಟಕಿಯಲ್ಲಿ ನಿಂತು ನೋಡಿದೆವು. ಹಿಂದೆಲ್ಲ ಮಂಚದ ಮೇಲೆ ಸಿಲಿಂಡರ್ ಎತ್ತಿಡುತ್ತಿದ್ದವರು.

ಹದಿನೈದು ದಿನ ಅಮ್ಮ ಸುಮ್ನೆ ಇದ್ದಳು. ಆಮೇಲೊಂದು ಬೆಳಿಗ್ಗೆ ಎದ್ದರೆ ಒಲೆ ಇಲ್ಲ. ಕೆಳಗೆ ಹೋಗಿ ನೋಡಿದೆ. ಒರಳುಕಲ್ಲಿನ ಪಕ್ಕ ಒಲೆ ಹತ್ತಿತ್ತು. ಇಬ್ಬರು ಆಟೋದವರು ಕೈಯಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಗ್ರೌಂಡ್ ಫ್ಲೋರ್ ಸಿಕ್ಕಿದ್ದ ತಾತ ತನ್ನ ಸ್ವಿಚ್‌ನಿಂದ ವೈರ್ ಎಳೆದು ಬಲ್ಬ್ ಕೊಟ್ಟಿದ್ದ. ಗೋಡೆ ಮೇಲೆ ಹೊಸ ಬೋರ್ಡ್ ಇತ್ತು: "ಮೆಟ್ಟಿಲ ಕೆಳಗೆ ಸಾಮಾನು ಇಡಬಾರದು." ಆ ಬೋರ್ಡಿನ ಮೊಳೆಗೇ ಅಮ್ಮ ಚಟ್ನಿ ಸೌಟು ನೇತುಹಾಕಿದ್ದಳು.